ನಿಕ್ಕಲ್–ಹೈಡ್ರೋಜನ್ ಸಿದ್ಧಾಂತಗಳು: ಶಾಖ ಬಂತು ಅಂತಲೇ ಇಟ್ಟುಕೊಳ್ಳಿ, ಬೂದಿ ಎಲ್ಲಿ?

ಬೂದಿಲೆಕ್ಕ:

ಕಡಿಮೆ ಶಕ್ತಿಯ ನ್ಯೂಕ್ಲಿಯರ್ ಕ್ರಿಯೆಗಳ (ಮೇಜಿನ ಮೇಲಿನ ಸಣ್ಣ ಪ್ರಯೋಗದಲ್ಲೇ ನ್ಯೂಕ್ಲಿಯಸ್ಸುಗಳು ಬದಲಾಗಿ ಶಾಖ ಕೊಡುತ್ತವೆ ಅನ್ನೋ ವಾದ, "ಶೀತಲ ಸಮ್ಮಿಲನ" ಅಂತಲೂ ಅಂತಾರೆ) ಬಗ್ಗೆ ಇಲ್ಲಿ ಆಗಾಗ ಜಟಾಪಟಿ ನಡೀತಾನೇ ಇರುತ್ತೆ. ಪ್ರತಿ ಸಲ ಅದು "ಶಾಖ ಬಂತು", "ಇಲ್ಲ, ಬರಲಿಲ್ಲ" ಅನ್ನೋದರಲ್ಲೇ ಸುಸ್ತಾಗಿ ನಿಲ್ಲುತ್ತೆ. ಈ ಎಳೆಯಲ್ಲಿ ಬೇರೆ ದಾರಿ ಹಿಡಿಯೋಣ. ಶಾಖ ಬಂತು ಅಂತಲೇ ಒಪ್ಪಿಕೊಳ್ಳೋಣ. ಈ ವಾದ ಶುರುಮಾಡಿದ 1989ರ ಫ್ಲೈಷ್‌ಮನ್–ಪಾನ್ಸ್ ಕಥೆ, ಪಲ್ಲಾಡಿಯಂ, ಭಾರಜಲ ಎಲ್ಲ ಪಕ್ಕಕ್ಕಿರಲಿ. ನಿಕ್ಕಲ್ ಮತ್ತು ಸಾಧಾರಣ ಹೈಡ್ರೋಜನ್ ಮಾತ್ರ. ಯಾವ ಸಿದ್ಧಾಂತ ತಂದರೂ ಕೇಳೋ ಪ್ರಶ್ನೆ ಒಂದೇ: ಕ್ರಿಯೆ ಮುಗಿದ ಮೇಲೆ ಏನು ಉಳಿಯುತ್ತೆ, ಎಷ್ಟು ಉಳಿಯುತ್ತೆ, ಅದನ್ನು ಯಾವ ಉಪಕರಣದಲ್ಲಿ ನೋಡಬಹುದು? ಆ ಉಳಿಕೆಯನ್ನೇ ಇಲ್ಲಿ ಬೂದಿ ಅನ್ನೋದು.

ಪಲ್ಲಾಡಿಯಂ ಕಡೆಯವರು ಹೀಲಿಯಂ-4 ಕಡೆಗಾದರೂ ಬೆರಳು ತೋರಿಸ್ತಾರೆ. ನಿಕ್ಕಲ್ ಕಡೆಯವರದು ಒಬ್ಬೊಬ್ಬರದು ಒಂದೊಂದು ಬೂದಿ. ಕೆಲವರದು ಬೂದಿಯೇ ಇಲ್ಲದ ಬೆಂಕಿ.

ಮೊದಲನೆಯದನ್ನು ನಾನೇ ಹಾಕ್ತೀನಿ. ಎಲ್ಲಕ್ಕಿಂತ ಸರಳವಾದದ್ದು: ನಿಕ್ಕಲ್ ನ್ಯೂಕ್ಲಿಯಸ್ ಒಂದು ಪ್ರೋಟಾನ್ ನುಂಗಿ ತಾಮ್ರ ಆಗುತ್ತೆ. ನಿಕ್ಕಲ್-62 ಹೋಗಿ ತಾಮ್ರ-63, ಕ್ರಿಯೆಯೊಂದಕ್ಕೆ 6.12 ಎಂಇವಿ (ಒಂದು ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿ. ಒಂದು ಕಿಲೋವ್ಯಾಟ್ ಬೇಕಾದರೆ ಸೆಕೆಂಡಿಗೆ ಸುಮಾರು 10¹⁵ ಕ್ರಿಯೆ ಆಗಬೇಕು. ಆರು ತಿಂಗಳು ಓಡಿಸಿದರೆ ಸುಮಾರು 1.7 ಗ್ರಾಂ ತಾಮ್ರ. ಇದು ಸೂಕ್ಷ್ಮ ಪ್ರಮಾಣ ಅಲ್ಲ, ತಕ್ಕಡಿಯಲ್ಲಿ ತೂಗಬಹುದು.

ಸೋಜಿಗ:

ಎಳೆ ಚೆನ್ನಾಗಿದೆ. ಆದರೆ "ಒಪ್ಪಿಕೊಳ್ಳೋಣ" ಅಂತ ಉಪಕಾರ ಮಾಡಿದ ಹಾಗೆ ಹೇಳಬೇಡಿ ಸರ್. 1994ರಲ್ಲಿ ಫೊಕಾರ್ಡಿ, ಹಾಬೆಲ್, ಪಿಯಾಂಟೆಲ್ಲಿ ಪ್ರಕಟಿಸಿದ್ದು ಒಂದು ಸಣ್ಣ ನಿಕ್ಕಲ್ ಸರಳಿನ ಪ್ರಯೋಗ. 44 ವ್ಯಾಟ್ ಹೆಚ್ಚುವರಿ ಶಾಖ, 24 ದಿನ, ಒಟ್ಟು 90 ಮೆಗಾಜೂಲ್. ಅಷ್ಟು ಶಾಖ ಬರಬೇಕಾದರೆ ಆರುನೂರು ಗ್ರಾಂಗಿಂತ ಹೆಚ್ಚು ಹೈಡ್ರೋಜನ್ ಉರಿಸಬೇಕು. ಆ ಸರಳಿನೊಳಗೆ ಅದರ ಲೇಶವೂ ಹಿಡಿಯಲ್ಲ. 1998ರಲ್ಲಿ ಮತ್ತೆ ಎರಡು ಕೋಶ (ಪ್ರಯೋಗದ ಮುಚ್ಚಿದ ಪಾತ್ರೆ), 900 ಮತ್ತು 600 ಮೆಗಾಜೂಲ್. ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಾಗ ಇಲ್ಲ.

ಬಿಸಿತಂತಿ:

ಶಾಖದ ವಿಷಯ ಬೇಡ ಅಂದಿದ್ದಾರೆ, ಆದರೂ ಒಂದು ಮಾತು ಹೇಳಿ ಸುಮ್ಮನಾಗ್ತೀನಿ.

ಆ ಪ್ರಯೋಗದಲ್ಲಿ ನೇರವಾಗಿ ಅಳೆದದ್ದು ಶಾಖವಲ್ಲ, ಉಷ್ಣತೆ. ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಡಿಗ್ರಿ ಅಂತ ಮೊದಲೇ ಒಂದು ಗೆರೆ ಎಳೆದಿಟ್ಟು, ಆಮೇಲೆ ಉಷ್ಣತೆ ಆ ಗೆರೆಗಿಂತ ಮೇಲೆ ಹೋದರೆ "ಹೆಚ್ಚುವರಿ" ಅಂದರು. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ಒಂದು ತಂಡ ಅದೇ ತರದ ಕೋಶ ಕಟ್ಟಿ 1996ರಲ್ಲಿ ಪ್ರಕಟಿಸಿತು. ಅವರಿಗೂ ಉಷ್ಣತೆ ಏರಿದ್ದು ಕಾಣಿಸಿತು. ಆದರೆ ಕೋಶದ ಒಳಗೆ ಶಾಖ ಹರಿಯೋ ರೀತಿ ಬದಲಾದದ್ದೇ ಕಾರಣ, ಹೊಸ ಶಕ್ತಿ ಏನೂ ಇಲ್ಲ ಅಂದರು.

ಹೈಡ್ರೋಜನ್ ಕೋಶದಲ್ಲಿ ಕೈ ಆಡಿಸಿದವರಿಗೆ ಇದು ಆಶ್ಚರ್ಯ ಅಲ್ಲ. ಕಪ್ಪಗೆ ಆಕ್ಸೈಡ್ ಹಿಡಿದ ನಿಕ್ಕಲ್ ತುಂಡನ್ನು ಒಳಗಿಟ್ಟು, ಹೈಡ್ರೋಜನ್ ಬಿಟ್ಟು, 400 ಡಿಗ್ರಿವರೆಗೆ ಕಾಯಿಸಿ ಆರಿಸಿ ತೆಗೆಯಿರಿ. ಕನ್ನಡಿ ಹಾಗಲ್ಲದಿದ್ದರೂ ಬೆಳ್ಳಿ ಬಣ್ಣಕ್ಕೆ ತಿರುಗಿರುತ್ತೆ. ಆಕ್ಸೈಡ್ ಹೋಯ್ತು, ನೀರಾವಿಯಾಗಿ ಕೋಶದ ತಣ್ಣನೆ ಮೂಲೆಯಲ್ಲಿ ಕೂತಿತು. ಕಪ್ಪು ಮೈ ಚೆನ್ನಾಗಿ ವಿಕಿರಣ ಸೂಸುತ್ತೆ, ಹೊಳೆಯೋ ಮೈ ಸೂಸಲ್ಲ. ಅಷ್ಟೇ ವಿದ್ಯುತ್ತಿಗೆ ಈಗ ತುಂಡು ಹೆಚ್ಚು ಬಿಸಿ. ಅದರ ಮೇಲೆ, ಹೈಡ್ರೋಜನ್ ಆರ್ಗಾನಿಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತೆ. ಆರ್ಗಾನಿನಲ್ಲಿ ಎಳೆದ ಗೆರೆಯನ್ನು ಹೈಡ್ರೋಜನ್ನಿಗೆ ಹಚ್ಚಿದರೆ ಏನು ಬೇಕಾದರೂ ಸಾಬೀತು ಮಾಡಬಹುದು.

ಮುಗೀತು. ಬೂದಿಗೆ ಬನ್ನಿ.

ಅರ್ಧಾಯು:

ತಾಮ್ರದ ಸಿದ್ಧಾಂತಕ್ಕೆ ಬೂದಿಗಿಂತ ಮೊದಲು ಬಾಗಿಲ ತೊಂದರೆ ಇದೆ. ಪ್ರೋಟಾನಿಗೂ ಧನ ವಿದ್ಯುದಂಶ, ನಿಕ್ಕಲ್ ನ್ಯೂಕ್ಲಿಯಸ್ಸಿಗೆ 28. ಎರಡೂ ತಾಗಬೇಕಾದರೆ ದಾಟಬೇಕಾದ ಕೂಲಂಬ್ ತಡೆ 6ರಿಂದ 7 ಎಂಇವಿ. ಸಾವಿರ ಡಿಗ್ರಿಯಲ್ಲಿ ಒಂದು ಕಣಕ್ಕೆ ಇರೋ ಶಾಖಶಕ್ತಿ 0.1 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು. ಆರು ಕೋಟಿ ಪಟ್ಟು ಕಡಿಮೆ. 1928ರಲ್ಲಿ ಗ್ಯಾಮೋ ತೋರಿಸಿದ ಹಾಗೆ ತಡೆಯನ್ನು ಹತ್ತದೆ ಸುರಂಗ ತೂರಿಕೊಂಡು ಹೋಗಬಹುದು ನಿಜ. ಆದರೆ ಅದರ ಸಂಭವ ವಿದ್ಯುದಂಶ ಹೆಚ್ಚಿದ ಹಾಗೆ ಘಾತೀಯವಾಗಿ ಬೀಳುತ್ತೆ. ಹೈಡ್ರೋಜನ್–ಹೈಡ್ರೋಜನ್ ನಡುವೆಯೇ ಕಷ್ಟ ಇರೋದು 28ರ ಮುಂದೆ ಹೇಳೋ ಹಾಗೇ ಇಲ್ಲ.

ನ್ಯೂಕ್ಲಿಯರ್ ವಿಜ್ಞಾನಿ ಹ್ಯೂಯಿಜೆಂಗಾ ಶೀತಲ ಸಮ್ಮಿಲನದ ಬಗ್ಗೆ ಮೂರು ಪವಾಡ ಬೇಕು ಅಂದಿದ್ದರು: ತಡೆ ದಾಟೋ ಪವಾಡ, ಬೇಕಾದ ಉತ್ಪನ್ನವೇ ಬರೋ ಪವಾಡ, ವಿಕಿರಣ ಕಾಣದೇ ಇರೋ ಪವಾಡ. ನಿಕ್ಕಲ್ ವಿಷಯದಲ್ಲಿ ಮೊದಲ ಪವಾಡವೇ ಪಲ್ಲಾಡಿಯಂ–ಡ್ಯುಟೀರಿಯಂಗಿಂತ (ಡ್ಯುಟೀರಿಯಂ ಅಂದರೆ ಭಾರಜಲದಲ್ಲಿರೋ ಭಾರದ ಹೈಡ್ರೋಜನ್) ಎಷ್ಟೋ ದೊಡ್ಡದು.

ಗುಂಡ್ರಗೋವಿ:

ಮೂರೂ ಪವಾಡ ಒಟ್ಟಿಗೆ ತಗೊಂಡರೆ ರಿಯಾಯಿತಿ ಇದೆಯಾ?

ಬೂದಿಲೆಕ್ಕ:

ಅರ್ಧಾಯು ಹೇಳಿದ್ದು ಸರಿ, ಆದರೆ ತಡೆಯ ವಾದ ಯಾರನ್ನೂ ಒಪ್ಪಿಸಲ್ಲ. "ಘನವಸ್ತುವಿನಲ್ಲಿ ನಮಗೆ ಗೊತ್ತಿಲ್ಲದ್ದು ಏನೋ ಇದೆ" ಅಂತ ಜಾರಿಕೊಳ್ತಾರೆ. ಬೂದಿಯಿಂದ ಜಾರೋಕೆ ಆಗಲ್ಲ, ಅದಕ್ಕೇ ನಾನು ಅದನ್ನೇ ಹಿಡಿದಿರೋದು.

ತಾಮ್ರದ್ದೇ ಮುಂದುವರಿಸ್ತೀನಿ. ಸಹಜ ನಿಕ್ಕಲ್ಲಿನಲ್ಲಿ 68 ಶೇಕಡಾ ನಿಕ್ಕಲ್-58, 26 ಶೇಕಡಾ ನಿಕ್ಕಲ್-60. 62 ಬರೀ 3.6, 64 ಒಂದಕ್ಕಿಂತ ಕಡಿಮೆ. ಪ್ರೋಟಾನ್ ಒಳಗೆ ಹೋಗೋದೇ ಆದರೆ 58ಕ್ಕೂ ಹೋಗಬೇಕು. ಆಗ ಬರೋದು ತಾಮ್ರ-59, ಅರ್ಧಾಯು 82 ಸೆಕೆಂಡ್, ಪಾಸಿಟ್ರಾನ್ ಸೂಸಿ ಸಾಯುತ್ತೆ. 60ರಿಂದ ತಾಮ್ರ-61, ಅರ್ಧಾಯು 3.3 ಗಂಟೆ, ಅದೂ ಪಾಸಿಟ್ರಾನ್. ಪಾಸಿಟ್ರಾನ್ ಅಂದರೆ ಎದುರುಬದುರು ದಿಕ್ಕಿಗೆ ಹಾರೋ ಎರಡು 511 ಕೆಇವಿ (ಕೆಇವಿ ಅಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್) ಗಾಮಾ. ಕೋಶ ಆರಿಸಿದ ಮೇಲೂ ಗಂಟೆಗಟ್ಟಲೆ ಅದು ಬರ್ತಾನೇ ಇರಬೇಕು. ಒಂದು ಕಿಲೋವ್ಯಾಟ್ ಕೋಶದ ಪಕ್ಕ ನಿಂತು ಚಿತ್ರ ತೆಗೆಸಿಕೊಂಡವರು ಆಮೇಲೆ ಆರಾಮಾಗಿ ಓಡಾಡಿಕೊಂಡಿದ್ದಾರೆ, ಅಂದರೆ ಅದು ನಡೆದಿಲ್ಲ.

"62 ಮತ್ತು 64 ಮಾತ್ರ ಭಾಗವಹಿಸುತ್ತೆ" ಅನ್ನೋದು ಇದಕ್ಕೆ ಬಂದ ಉತ್ತರ. ಸರಿ. ನಿಕ್ಕಲ್–ಹೈಡ್ರೋಜನ್ನಿಂದ ಶಾಖ ಬರುತ್ತೆ ಅಂತ ಆಂಡ್ರಿಯಾ ರೊಸ್ಸಿ ತೋರಿಸಿದ ಇ-ಕ್ಯಾಟ್ ಯಂತ್ರದಲ್ಲಿ ಬಳಸಿದ ಪುಡಿಯ ಬಗ್ಗೆ 2011ರಲ್ಲಿ ಸ್ವೀಡನ್ನಿನ ಕುಲ್ಲಾಂಡರ್ ಮತ್ತು ಎಸ್ಸೆನ್ ವರದಿ ಮಾಡಿದರು: 10 ಶೇಕಡಾ ತಾಮ್ರ. 62 ಮತ್ತು 64 ಎರಡೂ ಸೇರಿದರೂ ಸಹಜ ನಿಕ್ಕಲ್ಲಿನಲ್ಲಿ 4.6 ಶೇಕಡಾ. ಅದರಿಂದ 10 ಹೇಗೆ ಬಂತು? ಪುಡಿಯಲ್ಲಿ ಆ ಐಸೊಟೋಪುಗಳನ್ನು ಮೊದಲೇ ಹೆಚ್ಚಿಸಿದ್ದರು ಅಂತಲೇ ಇಟ್ಟುಕೊಳ್ಳಿ, ಆಗಲೂ ತಾಮ್ರ-63 ಮತ್ತು 65ರ ಅನುಪಾತ ಗಣಿಯಿಂದ ತೆಗೆದ ತಾಮ್ರದ 69:31ಕ್ಕೆ ಬಂದು ಕೂರೋಕೆ ಕಾರಣವೇ ಇಲ್ಲ. ಕೂತಿತ್ತು. ತಾಮ್ರದ ಕೊಳವೆ, ತಾಮ್ರದ ತಂತಿ ಇರೋ ಯಂತ್ರದಲ್ಲಿ ಸಹಜ ತಾಮ್ರ ಸಿಕ್ಕರೆ ನಾನು ನ್ಯೂಕ್ಲಿಯರ್ ಭೌತಶಾಸ್ತ್ರ ಹುಡುಕಲ್ಲ.

ಸೋಜಿಗ:

ರೊಸ್ಸಿಯನ್ನು ಮುಂದೆ ನಿಲ್ಲಿಸಿ ಹೊಡೆಯೋದು ಸುಲಭ. ಪ್ರೋಟಾನ್ ಸಿದ್ಧಾಂತವನ್ನು ಈಗ ಗಂಭೀರವಾಗಿ ಯಾರೂ ಹೇಳಲ್ಲ. ವಿಡೋಮ್–ಲಾರ್ಸೆನ್ ಸಿದ್ಧಾಂತ ತಗೊಳ್ಳಿ, 2006ರಲ್ಲಿ ಯುರೋಪಿಯನ್ ಫಿಸಿಕಲ್ ಜರ್ನಲ್‌ನಲ್ಲಿ ಬಂದದ್ದು. ಅದರ ಸೊಗಸೇ ಬೇರೆ: ತಡೆಯನ್ನು ದಾಟೋದೇ ಬೇಡ! ಲೋಹದ ಹೈಡ್ರೈಡ್ ಮೇಲ್ಮೈಯಲ್ಲಿ ಪ್ರೋಟಾನುಗಳು ಒಟ್ಟಾಗಿ ಅಲುಗಾಡ್ತವೆ, ಎಲೆಕ್ಟ್ರಾನುಗಳೂ ಒಟ್ಟಾಗಿ ತೂಗಾಡ್ತವೆ. ಆ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಅಗಾಧ. ಅದರಲ್ಲಿ ಎಲೆಕ್ಟ್ರಾನ್ "ಭಾರ"ವಾಗುತ್ತೆ, ಪ್ರೋಟಾನಿನ ಜೊತೆ ಸೇರಿ ನ್ಯೂಟ್ರಾನ್ ಆಗುತ್ತೆ, ಒಂದು ನ್ಯೂಟ್ರಿನೊ ಹಾರಿಹೋಗುತ್ತೆ. ನ್ಯೂಟ್ರಾನಿಗೆ ವಿದ್ಯುದಂಶವೇ ಇಲ್ಲ, ತಡೆಯ ಪ್ರಶ್ನೆಯೇ ಇಲ್ಲ. ಅದು ಎಷ್ಟು ನಿಧಾನದ ನ್ಯೂಟ್ರಾನ್ ಅಂದರೆ ಹುಟ್ಟಿದ ಜಾಗದಲ್ಲೇ ಯಾವುದಾದರೂ ನ್ಯೂಕ್ಲಿಯಸ್ ಅದನ್ನು ನುಂಗಿಬಿಡುತ್ತೆ, ಹೊರಗೆ ಬರಲ್ಲ. ಗಾಮಾ ಬಂದರೆ ಅದೇ ಭಾರದ ಎಲೆಕ್ಟ್ರಾನುಗಳು ಹೀರಿಕೊಂಡು ಅತಿಗೆಂಪು ಬೆಳಕಾಗಿ ಬಿಡುತ್ತವೆ. ಮೂರೂ ಪವಾಡಕ್ಕೆ ಉತ್ತರ ಸಿಕ್ಕಿತು, ಅದೂ ಗೊತ್ತಿರೋ ದುರ್ಬಲ ಬಲದಿಂದಲೇ (ಪ್ರೋಟಾನ್, ನ್ಯೂಟ್ರಾನುಗಳನ್ನು ಅದಲುಬದಲು ಮಾಡೋ ಬಲ).

ಅರ್ಧಾಯು:

ಸೋಜಿಗ ಅವರೇ, ಈ ಸಿದ್ಧಾಂತ ನನಗೂ ಇಷ್ಟ, ಯಾಕಂದರೆ ಇದು ತಪ್ಪಾಗೋಕೆ ಸಾಧ್ಯವಿರೋ ಸಿದ್ಧಾಂತ. ಅದೊಂದು ಗೌರವ. ಈಗ ಒಳಗೆ ನೋಡೋಣ.

ನ್ಯೂಟ್ರಾನ್ ಪ್ರೋಟಾನಿಗಿಂತ ಭಾರ. ಎಲೆಕ್ಟ್ರಾನಿನ ದ್ರವ್ಯರಾಶಿ ಸೇರಿಸಿದರೂ ಇನ್ನೂ 0.78 ಎಂಇವಿ ಕೊರತೆ. ಅಷ್ಟನ್ನೂ ಒಂದೇ ಎಲೆಕ್ಟ್ರಾನಿಗೆ, ಒಂದೇ ಕ್ಷಣದಲ್ಲಿ, ಒಂದೇ ಜಾಗದಲ್ಲಿ ಕೊಡಬೇಕು. ಲೋಹದ ಎಲೆಕ್ಟ್ರಾನುಗಳ ಶಕ್ತಿ ಕೆಲವೇ ಎಲೆಕ್ಟ್ರಾನ್ ವೋಲ್ಟ್. "ಪರಿಣಾಮಕಾರಿ ರಾಶಿ" ಅಂತ ಘನವಸ್ತು ಭೌತಶಾಸ್ತ್ರದಲ್ಲಿ ಹೇಳೋದು ಎಲೆಕ್ಟ್ರಾನ್ ಜಾಲದಲ್ಲಿ ಹೇಗೆ ಚಲಿಸುತ್ತೆ ಅನ್ನೋದರ ಲೆಕ್ಕ. ಆ ರಾಶಿಯನ್ನು ದುರ್ಬಲ ಕ್ರಿಯೆಯ ಖಾತೆಗೆ ಜಮಾ ಮಾಡೋಕೆ ಬರಲ್ಲ. ಇನ್ನು ದರ: ದುರ್ಬಲ ಕ್ರಿಯೆ ಹೆಸರಿಗೆ ತಕ್ಕ ಹಾಗೆ ದುರ್ಬಲ. 2012ರಲ್ಲಿ ಮೈಯಾನಿ ಸೇರಿದಂತೆ ಇಟಲಿಯ ಕೆಲವು ಭೌತಶಾಸ್ತ್ರಜ್ಞರು, ಎಲೆಕ್ಟ್ರಾನಿಗೆ ಬೇಕಾದ ರಾಶಿ ಸಿಕ್ಕಿತು ಅಂತಲೇ ಊಹಿಸಿ ಲೆಕ್ಕ ಹಾಕಿದರು. ಆಗಲೂ ನ್ಯೂಟ್ರಾನ್ ಹುಟ್ಟೋ ದರ ವಿಡೋಮ್–ಲಾರ್ಸೆನ್ ಹೇಳಿದ್ದಕ್ಕಿಂತ ನೂರಾರು ಪಟ್ಟು ಕೆಳಗೇ ನಿಂತಿತು.

ಬೂದಿಗೆ ಬಂದರೆ, ನಿಕ್ಕಲ್-58 ನ್ಯೂಟ್ರಾನ್ ನುಂಗಿದರೆ 9 ಎಂಇವಿ ಬಿಡುಗಡೆ, ಉಳಿಯೋದು ನಿಕ್ಕಲ್-59. 62ರಿಂದ ನಿಕ್ಕಲ್-63, ನೂರು ವರ್ಷದ ಅರ್ಧಾಯುವಿನ ಬೀಟಾ ಮೂಲ. 64ರಿಂದ ನಿಕ್ಕಲ್-65, ಎರಡೂವರೆ ಗಂಟೆ ಅರ್ಧಾಯು. ಈ ಕೊನೆಯದೇ ಕುತ್ತಿಗೆಗೆ ಬರೋದು. ಕೋಶದ ವಿದ್ಯುತ್ ಆರಿಸಿದ ತಕ್ಷಣ ಭಾರದ ಎಲೆಕ್ಟ್ರಾನುಗಳೂ ಇಲ್ಲ, ಗಾಮಾ ಹೀರೋ ಪರದೆಯೂ ಇಲ್ಲ. ನಿಕ್ಕಲ್-65 ಮಾತ್ರ ಇನ್ನೂ ಇದೆ, ಗಾಮಾ ಬಿಡ್ತಾ ಇದೆ. ಕೋಶ ಬಿಚ್ಚಿ, ತುಂಡನ್ನು ಗಾಮಾ ಪತ್ತೆಕಾರಿ ಮುಂದೆ ಇಟ್ಟರೆ ಎರಡೂವರೆ ಗಂಟೆಗೆ ಅರ್ಧವಾಗೋ ಗೆರೆ ಕಾಣಲೇಬೇಕು.

ಇನ್ನೂ ಸುಲಭದ ಪರೀಕ್ಷೆ ಬೇಕಾ? ಕೋಶದ ಒಂದು ಬದಿ ಕೋಬಾಲ್ಟ್-60 ಮೂಲ, ಇನ್ನೊಂದು ಬದಿ ಪತ್ತೆಕಾರಿ. ಕೋಶ ಹೊತ್ತಿಸಿ. ಗಾಮಾ ನುಂಗೋ ಎಲೆಕ್ಟ್ರಾನ್ ಪರದೆ ಇದ್ದರೆ 1.17 ಮತ್ತು 1.33 ಎಂಇವಿ ಗೆರೆಗಳು ಕುಗ್ಗಬೇಕು. ಒಂದು ಮಧ್ಯಾಹ್ನದ ಕೆಲಸ. ಸೀಸಕ್ಕಿಂತ ಎಷ್ಟೋ ಪಟ್ಟು ಒಳ್ಳೆಯ, ತೆಳುವಾದ ಗಾಮಾ ಪರದೆ ಕೈಯಲ್ಲಿದ್ದರೆ ಶಾಖ ಮಾರೋದ್ಯಾಕೆ, ಪರದೆಯನ್ನೇ ಮಾರಬಹುದು.

ಗುಂಡ್ರಗೋವಿ:

ಕೊನೆಯ ಸಾಲನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ ಅರ್ಧಾಯು ಮೇಡಂ.

ನೋಡ್ರಿಮತ್ತ:

ಪಿಯಾಂಟೆಲ್ಲಿ ಅವರ ವಿಚಾರ ಯಾರೂ ತೆಗೀಲಿಲ್ಲಲ್ರಿ. ಅವರು ಪ್ರೋಟಾನ್ ಅನ್ನಂಗಿಲ್ಲ, ಹೈಡ್ರೋಜನ್ ಋಣ ಅಯಾನು ಅಂತಾರ. ಒಂದು ಪ್ರೋಟಾನು, ಎರಡು ಎಲೆಕ್ಟ್ರಾನು. ಒಟ್ಟಿನ ಮ್ಯಾಲ ಋಣ ವಿದ್ಯುದಂಶ, ಹಿಂಗಾಗಿ ನಿಕ್ಕಲ್ ಅದನ್ನ ದೂಡಂಗಿಲ್ಲ, ಎಳೀತದ. ನಿಕ್ಕಲ್ ಪರಮಾಣುವಿನ ಒಂದು ಎಲೆಕ್ಟ್ರಾನಿನ ಜಾಗಾದಾಗ ಈ ಅಯಾನು ಹೋಗಿ ಕುಂದರತದ. ಎಲೆಕ್ಟ್ರಾನಿಗಿಂತ 1800 ಪಟ್ಟು ಮಿಕ್ಕಿ ಭಾರ, ಅದಕ್ಕ ಕಕ್ಷೆ ಅಷ್ಟು ಸಣ್ಣದಾಗಿ ನ್ಯೂಕ್ಲಿಯಸ್ಸಿನ ಹತ್ತರ ಬರತದ. ಮ್ಯೂಆನ್ ಹಿಂಗ ಮಾಡೂದು ಖರೇನ ಐತಲ್ರಿ? ಮ್ಯೂಆನ್ ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ, ಅದರಿಂದ ಸಮ್ಮಿಲನ ಆಗೂದನ್ನ 1956ರಾಗ ಅಲ್ವಾರೆಜ್ ಕಣ್ಣಾರೆ ಕಂಡಾರ.

ಅರ್ಧಾಯು:

ಮ್ಯೂಆನ್ ಉದಾಹರಣೆ ಸರಿಯಾಗಿದೆ ಸರ್, ಅದು ನಿಜವಾದ ಶೀತಲ ಸಮ್ಮಿಲನ. 1947ರಲ್ಲೇ ಫ್ರಾಂಕ್, 1948ರಲ್ಲಿ ಸಖಾರೋವ್ ಊಹಿಸಿದ್ದರು. ಮ್ಯೂಆನಿನ ಆಯಸ್ಸು 2.2 ಮೈಕ್ರೊಸೆಕೆಂಡ್, ಅದರ ಮೇಲೆ ಕೆಲವು ಸಲ ಹುಟ್ಟಿದ ಹೀಲಿಯಂಗೇ ಅಂಟಿಕೊಂಡುಬಿಡುತ್ತೆ, ಹಾಗಾಗಿ ಖರ್ಚಿಗೆ ತಕ್ಕ ಗಳಿಕೆ ಆಗಲಿಲ್ಲ ಅಷ್ಟೇ. ಆದರೆ ಅಲ್ಲಿ ಯಾವ ಕಣ ಯಾವ ಕಕ್ಷೆಯಿಂದ ಇಳಿಯಿತು ಅಂತ ಹೇಳೋ ಎಕ್ಸ್-ಕಿರಣ ಸಿಗುತ್ತೆ, ಹೊರಬಂದ ಕಣ ಸಿಗುತ್ತೆ.

ಮ್ಯೂಆನ್ ಒಂದೇ ಮೂಲಕಣ. ಋಣ ಅಯಾನು ಮೂರು ಕಣಗಳ ಸಡಿಲ ಕಟ್ಟು. ಅದರ ಎರಡನೇ ಎಲೆಕ್ಟ್ರಾನ್ ಅಂಟಿಕೊಂಡಿರೋದು 0.75 ಎಲೆಕ್ಟ್ರಾನ್ ವೋಲ್ಟ್ ಬಲದಿಂದ. ನಿಕ್ಕಲ್ಲಿನ ಒಳ ಕಕ್ಷೆಗಳಲ್ಲಿರೋ ಕ್ಷೇತ್ರ ಸಾವಿರಾರು ಎಲೆಕ್ಟ್ರಾನ್ ವೋಲ್ಟಿನ ಲೆಕ್ಕದ್ದು. ಒಳಗೆ ಕಾಲಿಡೋ ಮೊದಲೇ ಎರಡೂ ಎಲೆಕ್ಟ್ರಾನ್ ಕಿತ್ತುಹೋಗಿ ಬೆತ್ತಲೆ ಪ್ರೋಟಾನ್ ಉಳಿಯುತ್ತೆ, ಅದನ್ನು ನಿಕ್ಕಲ್ ಒದ್ದು ಹೊರಗೆ ಹಾಕುತ್ತೆ. ಹಾಗೆ ಒದ್ದ ಪ್ರೋಟಾನುಗಳನ್ನೇ ಪತ್ತೆಹಚ್ಚಿದ್ದೇವೆ ಅಂತ ಅವರು ಹೇಳಿದ್ದರು. ಅದು ಒಳ್ಳೆಯ ಬೂದಿ, ಯಾಕಂದರೆ ಎಂಇವಿ ಮಟ್ಟದ ಪ್ರೋಟಾನ್ ನೋಡೋದು ಕಷ್ಟವಲ್ಲ. ವ್ಯಾಟ್ ಶಾಖಕ್ಕೆ ಹೊಂದೋವಷ್ಟು ಪ್ರೋಟಾನ್ ಬೇಕು, ಇಲ್ಲಿ ಅಲ್ಲಿ ಒಂದೆರಡು ಜಾಡು ಸಾಲದು.

ನೋಡ್ರಿಮತ್ತ:

ಅಯಾನು ಒಡೀತದ ಅನ್ನೂದು ಒಪ್ಪತೇನ್ರಿ. ಮತ್ತ ಆಳದ ಕಕ್ಷೆ? ಮ್ಯೂಲನ್‌ಬರ್ಗ್ ಮತ್ತ ನಮ್ಮ ಕೆ. ಪಿ. ಸಿನ್ಹಾ ಬರೆದದ್ದು. ಡಿರಾಕ್ ಸಮೀಕರಣ ಅಂದ್ರ ಎಲೆಕ್ಟ್ರಾನಿನ ಕ್ವಾಂಟಮ್ ಲೆಕ್ಕದ್ದು, ಅದಕ್ಕ ಇನ್ನೊಂದು ಉತ್ತರ ಐತಿ, ಅದರಾಗ ಎಲೆಕ್ಟ್ರಾನ್ ಪ್ರೋಟಾನಿನ ಮೈಗೇ ಅಂಟಿಕೊಂಡಂಗ ಇರತದ ಅಂತ.

ಅರ್ಧಾಯು:

ಗಣಿತದಲ್ಲಿ ಆ ಉತ್ತರ ಇದೆ. ಪಠ್ಯಗಳು ಅದನ್ನು ಎಸೆಯೋದು ಯಾಕಂದರೆ ಕೇಂದ್ರದಲ್ಲಿ ಅದು ಅನಂತಕ್ಕೆ ಹಾರುತ್ತೆ. ನ್ಯೂಕ್ಲಿಯಸ್ ಬಿಂದುವಲ್ಲ, ಅದಕ್ಕೆ ಗಾತ್ರ ಇದೆ, ಹಾಗಾಗಿ ಎಸೆಯಬೇಕಿಲ್ಲ ಅನ್ನೋದು ಅವರ ವಾದ. ವಾದ ಹುರುಳಿಲ್ಲದ್ದಲ್ಲ. ಆದರೆ ಅಂಥ ಕಕ್ಷೆ ಇದ್ದು, ಬಂಧನ ಶಕ್ತಿ 500 ಕೆಇವಿ ಆಸುಪಾಸಿನಲ್ಲಿ ಇದ್ದರೆ, ನಕ್ಷತ್ರಗಳ ಮಧ್ಯೆ ಸಾವಿರ ಕೋಟಿ ವರ್ಷದಿಂದ ತೇಲ್ತಾ ಇರೋ ಹೈಡ್ರೋಜನ್ ಯಾಕೆ ಇನ್ನೂ ಮೇಲೇ ಕೂತಿದೆ? ನಿಕ್ಕಲ್ ಪುಡಿಯಲ್ಲಿ ಕೆಲವೇ ಗಂಟೆಗಳಲ್ಲಿ ಜಾರೋದು ಅಲ್ಲಿ ಯಾಕೆ ಜಾರಲಿಲ್ಲ? ಇದಕ್ಕೆ ಉತ್ತರ ಬಂದ ಮೇಲೆ ಬೂದಿ ಕೇಳೋಣ. ಮಿಲ್ಸ್ ಅವರ ಹೈಡ್ರಿನೊಗೂ (ಎಲೆಕ್ಟ್ರಾನ್ ಮಾಮೂಲಿಗಿಂತ ಕೆಳಗಿನ ಕಕ್ಷೆಗೆ ಇಳಿದ ಹೈಡ್ರೋಜನ್ ಅಂತ ಅವರ ವಾದ) ಇದೇ ಪ್ರಶ್ನೆ, ಅದು ನ್ಯೂಕ್ಲಿಯರ್ ಅಲ್ಲ ಅಂತ ಅವರೇ ಹೇಳೋದರಿಂದ ಇಲ್ಲಿ ಬಿಡ್ತೀನಿ.

ಸೋಜಿಗ:

ಬೂದಿ ಬೇಕು ಬೇಕು ಅಂತೀರಿ, ರೊಸ್ಸಿಯ ಯಂತ್ರವನ್ನು ಸ್ವಿಟ್ಜರ್ಲೆಂಡಿನಲ್ಲಿ ಪರೀಕ್ಷಿಸಿದ ಲುಗಾನೊ ವರದಿ ಯಾಕೆ ಯಾರೂ ಮುಟ್ಟಿಲ್ಲ? 2014, 32 ದಿನದ ಓಟ. ಹಾಕುವಾಗ ಸಹಜ ನಿಕ್ಕಲ್, ತೆಗೆದಾಗ ನಿಕ್ಕಲ್-62 ಶೇಕಡಾ 98.7. ಇಂಧನದಲ್ಲಿ ಲಿಥಿಯಂ ಕೂಡ ಇತ್ತು, ಅದರಲ್ಲಿ ಲಿಥಿಯಂ-7 ಹೆಚ್ಚಿದ್ದದ್ದು ತಿರುಗಿ ಲಿಥಿಯಂ-6 ಶೇಕಡಾ 92. ಇದಕ್ಕಿಂತ ದೊಡ್ಡ ಬೂದಿ ಎಲ್ಲಿಂದ ತರಲಿ? ಲಿಥಿಯಂ-7 ತನ್ನ ಒಂದು ನ್ಯೂಟ್ರಾನನ್ನು ನಿಕ್ಕಲ್ಲಿಗೆ ದಾಟಿಸುತ್ತೆ, ಲೆಕ್ಕದಲ್ಲಿ ಶಕ್ತಿಯೂ ಉಳಿಯುತ್ತೆ.

ಬೂದಿಲೆಕ್ಕ:

ಮುಟ್ಟೋಣ. ಲಿಥಿಯಂ-7ರಿಂದ ನ್ಯೂಟ್ರಾನ್ ಕೀಳೋಕೆ 7.25 ಎಂಇವಿ ಖರ್ಚು, ನಿಕ್ಕಲ್-58ಕ್ಕೆ ಕೊಟ್ಟರೆ 9.0 ಆದಾಯ, ನಿವ್ವಳ 1.75. ಇಷ್ಟರವರೆಗೆ ಸರಿ. ಆದರೆ ಲಿಥಿಯಂ–ನಿಕ್ಕಲ್ ತಡೆ 17 ಎಂಇವಿ, ಪ್ರೋಟಾನಿಗಿಂತ ಕೆಟ್ಟದ್ದು. ಅದನ್ನೂ ಬಿಡಿ. 58, 60, 61, 64 ಎಲ್ಲ ಐಸೊಟೋಪೂ 62ಕ್ಕೇ ಬಂದು ಸೇರಬೇಕು, 62 ಮಾತ್ರ ಮುಂದಕ್ಕೆ ಹೋಗಬಾರದು, 64 ಹಿಂದಕ್ಕೆ ಬರಬೇಕು. ಮಧ್ಯೆ 59, 63 ವಿಕಿರಣಶೀಲ, ಅವುಗಳ ಸುಳಿವು ಇಲ್ಲ.

ನನ್ನನ್ನು ಹೆಚ್ಚು ಕಾಡೋದು ಇದು: ಇಂಧನ 98.7 ಶೇಕಡಾ ಮುಗಿದಿದೆ, ಆದರೂ ಕೊನೆಯ ದಿನದವರೆಗೂ ಶಾಖ ಇಳಿಯಲಿಲ್ಲ. ಯಾವ ಒಲೆ ಹಾಗೆ ಉರಿಯುತ್ತೆ? ಮತ್ತೆ ವರದಿಯಲ್ಲೇ ಬರೆದಿದೆ, ಇಂಧನ ಹಾಕುವಾಗ, ಯಂತ್ರ ಚಾಲೂ ಮಾಡುವಾಗ, ಆರಿಸುವಾಗ, ಪುಡಿ ತೆಗೆಯುವಾಗ ಸಂಶೋಧಕರ ಜೊತೆ ರೊಸ್ಸಿ ಅವರ ಕೈಯೂ ಇತ್ತು. ಸ್ವತಂತ್ರ ಪರೀಕ್ಷೆ ಅಂತ ಕರೆಯೋ ಕೆಲಸದಲ್ಲಿ ಅದು ಇರಬಾರದಿತ್ತು. ಹೆಚ್ಚಿಗೆ ಹೇಳಲ್ಲ.

ಬಿಸಿತಂತಿ:

ಶಾಖದ ಬಗ್ಗೆ ಸುಮ್ಮನಿರ್ತೀನಿ ಅಂದಿದ್ದೆ, ಲುಗಾನೊ ಬಂತು, ಬಾಯಿ ಬಿಡಲೇಬೇಕು. ಅಲ್ಯುಮಿನಾ ಕೊಳವೆಯ ಉಷ್ಣತೆಯನ್ನು ಅತಿಗೆಂಪು ಕ್ಯಾಮೆರಾದಿಂದ ನೋಡಿದರು. ಕ್ಯಾಮೆರಾ ನೋಡೋದು ಒಂದು ಕಿರಿದಾದ ತರಂಗ ಪಟ್ಟಿ, ಅಲ್ಲಿ ಅಲ್ಯುಮಿನಾ ಹೆಚ್ಚುಕಡಿಮೆ ಕಪ್ಪು ವಸ್ತುವಿನ ಹಾಗೇ ಸೂಸುತ್ತೆ. ಅವರು ತುಂಬಿದ್ದು ಎಲ್ಲ ತರಂಗಗಳಿಗೂ ಸೇರಿ ಇರೋ ಸರಾಸರಿ, ಅರ್ಧಕ್ಕಿಂತ ಕಡಿಮೆ. ಕಡಿಮೆ ತುಂಬಿದರೆ ಕ್ಯಾಮೆರಾ "ಇಷ್ಟು ಕಡಿಮೆ ಸೂಸೋ ವಸ್ತು ಇಷ್ಟು ಹೊಳೀತಿದೆ ಅಂದರೆ ಭಾರಿ ಬಿಸಿ ಇರಬೇಕು" ಅಂತ ಉಷ್ಣತೆ ಏರಿಸಿ ಹೇಳುತ್ತೆ. ಶಾಖ ಉಷ್ಣತೆಯ ನಾಲ್ಕನೇ ಘಾತದ ಲೆಕ್ಕ. ತಿದ್ದಿ ಹಾಕಿದರೆ ಹೆಚ್ಚುವರಿ ಶಾಖ ಬಹುಪಾಲು ಕರಗಿಹೋಗುತ್ತೆ. ಆಗ 98.7 ಶೇಕಡಾ ಬೂದಿ ಬಂದದ್ದು ಯಾವ ಬೆಂಕಿಯಿಂದ?

ಗುಂಡ್ರಗೋವಿ:

ಇಷ್ಟು ದಿನ ಬೂದಿಯಿಲ್ಲದ ಬೆಂಕಿ. ಈಗ ಬೆಂಕಿಯಿಲ್ಲದ ಬೂದಿ. ಎಳೆ ಕೈಬಿಟ್ಟು ಹೋಗ್ತಿದೆ ಗುರು.

ಸೋಜಿಗ:

ಹ್ಯಾಗೆಲ್‌ಸ್ಟೈನ್ ಅವರನ್ನಾದರೂ ಬಿಡ್ತೀರಾ? ಎಂಐಟಿ ಪ್ರಾಧ್ಯಾಪಕರು, ಎಕ್ಸ್-ಕಿರಣ ಲೇಸರ್ ಕೆಲಸದಿಂದ ಹೆಸರಾದವರು.

ಅರ್ಧಾಯು:

ಅವರ ಬಗ್ಗೆ ಗೌರವ ಇದೆ, ಕಾರಣವೂ ಇದೆ. ವಿಕಿರಣ ಯಾಕೆ ಕಾಣಲ್ಲ ಅನ್ನೋದನ್ನು ಅವರು ನೇರವಾಗಿ ಎದುರಿಸಿದ್ದಾರೆ: ನ್ಯೂಕ್ಲಿಯಸ್ಸಿನ ಶಕ್ತಿ ಒಂದೇ ಗಾಮಾ ಆಗಿ ಹೋಗದೆ ಸ್ಫಟಿಕ ಜಾಲದ ಕಂಪನಗಳಿಗೆ, ಅಂದರೆ ಫೋನಾನುಗಳಿಗೆ ಹಂಚಿಹೋಗುತ್ತೆ. ಒಂದು ಫೋನಾನ್ ಎಲೆಕ್ಟ್ರಾನ್ ವೋಲ್ಟಿನ ನೂರನೇ ಕೆಲವು ಭಾಗ. ನಿಕ್ಕಲ್–ಪ್ರೋಟಾನ್ ಕ್ರಿಯೆಯ 6.12 ಎಂಇವಿಯನ್ನು ಹಾಗೆ ಚಿಲ್ಲರೆ ಮಾಡಬೇಕಾದರೆ ಸುಮಾರು ಹತ್ತು ಕೋಟಿ ಫೋನಾನ್, ಅದೂ ಗಾಮಾ ಹೊರಡೋಕೆ ಮುಂಚೆ. ಈ ಚಿಲ್ಲರೆ ವ್ಯವಹಾರ ನಡೆಯೋದು ಸಾಧ್ಯ ಅಂತ ಮಾದರಿಯಲ್ಲಿ ತೋರಿಸಿದ್ದಾರೆ, ನಿಜ ಲೋಹದಲ್ಲಿ ತೋರಿಸಿಲ್ಲ. ಆದರೆ ಶಾಖ ಬಿಟ್ಟು ಬೇರೆ ಕಡೆ ಪರೀಕ್ಷೆ ಹುಡುಕಿದರು: ಕೋಬಾಲ್ಟ್-57ನ್ನು ಲೋಹದ ಫಲಕದ ಮೇಲಿಟ್ಟು, ಫಲಕಕ್ಕೆ ಒತ್ತಡ ಕೊಟ್ಟು, ಗಾಮಾ ಗೆರೆಗಳು ಬದಲಾಗುತ್ತವಾ ಅಂತ ನೋಡಿದರು. ಕೆಲಸ ಮಾಡೋ ರೀತಿ ಅಂದರೆ ಅದು.

ಬೂದಿಲೆಕ್ಕ:

ಇಲ್ಲಿ ಒಂದು ಗೆರೆ ಎಳೀತೀನಿ, ಯಾಕಂದರೆ ಹೊಸಬರು ಗೊಂದಲ ಮಾಡ್ಕೋತಾರೆ. ಲೋಹದೊಳಗೆ ಎಲೆಕ್ಟ್ರಾನುಗಳು ತಡೆಯನ್ನು ಸ್ವಲ್ಪ ಮರೆಮಾಡುತ್ತವೆ ಅನ್ನೋದು ವೇಗವರ್ಧಕಗಳಲ್ಲಿ ಅಳೆದ ಸಂಗತಿ. ಅನಿಲದಲ್ಲಿ ಕಾಣೋದಕ್ಕಿಂತ ಪಲ್ಲಾಡಿಯಂನಂಥ ಲೋಹದಲ್ಲಿ ಈ ಮರೆ ಹಲವು ಪಟ್ಟು ಹೆಚ್ಚು. 2025ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಪಲ್ಲಾಡಿಯಂಗೆ ವಿದ್ಯುದ್ರಾಸಾಯನಿಕವಾಗಿ ಡ್ಯುಟೀರಿಯಂ ತುಂಬಿ, ಅದರ ಮೇಲೆ ಡ್ಯುಟೀರಿಯಂ ಅಯಾನು ಹೊಡೆದು, ಸಮ್ಮಿಲನ ದರ ಸರಾಸರಿ 15 ಶೇಕಡಾ ಏರಿದ್ದನ್ನು ನೇಚರ್‌ನಲ್ಲಿ ಪ್ರಕಟಿಸಿತು. ನ್ಯೂಟ್ರಾನ್ ಎಣಿಸಿ ಹೇಳಿದ್ದು, ಶಾಖ ಅಳೆದು ಅಲ್ಲ. ಚೆಂದದ ಕೆಲಸ. ಆದರೆ ಅದು ಸಾವಿರಾರು ವೋಲ್ಟ್ ಕೊಟ್ಟು ಹೊಡೆದ ಡ್ಯುಟೀರಿಯಂ. ಅದನ್ನು ತೋರಿಸಿ "ನಿಕ್ಕಲ್ ಪುಡಿಯೂ ಸಾಬೀತಾಯ್ತು" ಅನ್ನಬೇಡಿ.

ನಿಕ್ಕಲ್ ಕಡೆ ಗಟ್ಟಿ ಪ್ರಯತ್ನ ಅಂದರೆ ಗೂಗಲ್ ದುಡ್ಡು ಹಾಕಿದ ಗುಂಪಿನದು, 2019ರಲ್ಲಿ ನೇಚರ್‌ನಲ್ಲೇ ಬಂತು. ನಿಕ್ಕಲ್, ಹೈಡ್ರೋಜನ್, ಲಿಥಿಯಂ ಹೈಡ್ರೈಡ್ ತರದವು, 420 ಮಾದರಿ. ಒಂದರಲ್ಲೂ ಹೆಚ್ಚುವರಿ ಶಾಖ ಇಲ್ಲ.

ಸೋಜಿಗ:

420 ಸಲ ತಪ್ಪು ಪುಡಿ ಬಳಸಿದರೆ 420 ಸಲವೂ ಸೊನ್ನೆಯೇ. ಈ ಕ್ಷೇತ್ರದ ಸಂಶೋಧಕ ಸ್ಟಾರ್ಮ್ಸ್ ಹೇಳೋದು ಅದನ್ನೇ: ಕ್ರಿಯೆ ಲೋಹದ ಎಲ್ಲೆಡೆ ನಡೆಯಲ್ಲ, ನ್ಯಾನೊ ಬಿರುಕುಗಳಲ್ಲಿ ಮಾತ್ರ. ಬಿರುಕಿನೊಳಗೆ ಹೈಡ್ರೋಜನ್ ಸಾಲುಗಟ್ಟಿ ಸರಪಳಿಯಾಗುತ್ತೆ, ಅವರು ಅದಕ್ಕೆ ಹೈಡ್ರೊಟಾನ್ ಅಂತಾರೆ. ಸಾಲು ಕಂಪಿಸ್ತಾ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಕಳೆದುಕೊಂಡು, ಎರಡು ಪ್ರೋಟಾನ್, ಮಧ್ಯದ ಒಂದು ಎಲೆಕ್ಟ್ರಾನ್ ಸೇರಿ ಡ್ಯುಟೀರಿಯಂ ಆಗುತ್ತೆ. ನಿಕ್ಕಲ್ ಬರೀ ಪಾತ್ರೆ. ಅದಕ್ಕೇ ತಾಮ್ರ ಹುಡುಕಿದವರಿಗೆ ತಾಮ್ರ ಸಿಗಲಿಲ್ಲ.

ಅರ್ಧಾಯು:

ಈ ಕ್ರಿಯೆ ಸೂರ್ಯನಲ್ಲಿ ನಡೆಯುತ್ತೆ, ಒಟ್ಟು 1.44 ಎಂಇವಿ. ತೊಂದರೆ ಏನಂದರೆ ಅಲ್ಲಿ ಆ ಶಕ್ತಿ ಹೆಚ್ಚುಕಡಿಮೆ ಪೂರ್ತಿ ನ್ಯೂಟ್ರಿನೊ ಹೊತ್ತುಕೊಂಡು ಹೋಗುತ್ತೆ. ಕೋಶದಲ್ಲಿ ನಡೆದರೆ ಒಳಗೆ ಶಾಖವೇ ಉಳಿಯಲ್ಲ. ಅದಕ್ಕೇ ಅವರು "ನಿಧಾನವಾಗಿ ಮೊದಲೇ ಫೋಟಾನುಗಳಾಗಿ ಬಿಡುತ್ತೆ" ಅನ್ನೋದು. ಒಪ್ಪೋದು ಕಷ್ಟ.

ಬೂದಿಲೆಕ್ಕ:

ಒಪ್ಪೋದು ಬಿಡೋದು ಆಮೇಲೆ. ಈ ಎಳೆಯಲ್ಲಿ ಮೊದಲ ಸಲ ಯಾರೋ ಅಳೆಯಬಹುದಾದ ಬೂದಿ ಕೊಟ್ಟಿದ್ದಾರೆ, ಲೆಕ್ಕ ಹಾಕದೆ ಬಿಡಲ್ಲ.

ಪೂರ್ತಿ 1.44 ಎಂಇವಿ ಶಾಖವಾಯ್ತು ಅಂತಲೇ ತಗೊಳ್ಳಿ. ಒಂದು ವ್ಯಾಟಿಗೆ ಸೆಕೆಂಡಿಗೆ 4.3×10¹² ಡ್ಯುಟೀರಿಯಂ ಪರಮಾಣು. ಮೂವತ್ತು ದಿನಕ್ಕೆ 1.1×10¹⁹. ಕೋಶದಲ್ಲಿ ಸಾಧಾರಣ ಒತ್ತಡ, ಉಷ್ಣತೆಯಲ್ಲಿ ತುಂಬಿದ ಒಂದು ಲೀಟರ್ ಹೈಡ್ರೋಜನ್ ಇದೆ ಅನ್ನಿ, ಅದರಲ್ಲಿ 5×10²² ಪರಮಾಣು. ಸಹಜವಾಗಿ ಆರು ಸಾವಿರ ಚಿಲ್ಲರೆಗೆ ಒಂದು ಡ್ಯುಟೀರಿಯಂ, ಅಂದರೆ ಸುಮಾರು 7.5×10¹⁸. ಒಂದೇ ವ್ಯಾಟ್, ಒಂದೇ ತಿಂಗಳು, ಡ್ಯುಟೀರಿಯಂ ಎರಡೂವರೆ ಪಟ್ಟು ಆಗಬೇಕು! ಶಾಖದ ಒಂದು ಭಾಗವನ್ನು ನ್ಯೂಟ್ರಿನೊ ಒಯ್ದರೆ ಅದೇ ಒಂದು ವ್ಯಾಟಿಗೆ ಇನ್ನೂ ಹೆಚ್ಚು ಡ್ಯುಟೀರಿಯಂ ಬೇಕು, ಕಡಿಮೆ ಅಲ್ಲ.

ಬಿಸಿತಂತಿ:

ಇದನ್ನು ನಾನು ಮಾಡಬಲ್ಲೆ. ಅನಿಲವನ್ನೇ ರಾಶಿ ವರ್ಣಪಟಲ ಯಂತ್ರಕ್ಕೆ (ಕಣಗಳನ್ನು ತೂಕದ ಪ್ರಕಾರ ಬೇರ್ಪಡಿಸೋದು) ಹಾಕೋದು ಬೇಡ, ಮೂರರ ಜಾಗದಲ್ಲಿ ಎಲ್ಲ ಕಲಸಿಹೋಗುತ್ತೆ: ಹೈಡ್ರೋಜನ್–ಡ್ಯುಟೀರಿಯಂ ಜೋಡಿ 3.022, ಮೂರು ಹೈಡ್ರೋಜನ್ ಸೇರಿದ ಅಯಾನು 3.023, ಹೀಲಿಯಂ-3 ಇದ್ದರೆ 3.016. ಸಣ್ಣ ಯಂತ್ರಕ್ಕೆ ಇವು ಒಂದೇ ದಿಬ್ಬ. ಕೋಶದ ಅನಿಲವನ್ನು ಬಿಸಿ ತಾಮ್ರದ ಆಕ್ಸೈಡ್ ಮೇಲೆ ಹಾಯಿಸಿ ನೀರು ಮಾಡ್ತೀನಿ. ಅಂತರ್ಜಲದವರು ನೀರಿನ ಡ್ಯುಟೀರಿಯಂ ದಿನನಿತ್ಯ ಅಳೀತಾರೆ, ಸಾವಿರದಲ್ಲಿ ಒಂದು ಭಾಗದ ಬದಲಾವಣೆಯೂ ಅವರಿಗೆ ಸಿಗುತ್ತೆ. ಎರಡೂವರೆ ಪಟ್ಟು ಅಂದರೆ ಯಂತ್ರ ಕೆಟ್ಟಿದೆ ಅಂದುಕೊಳ್ಳಬಹುದು.

ಒಂದು ಮೋಸ ಇದೆ. ಬಿಸಿ ಉಕ್ಕಿನ ಗೋಡೆಯಿಂದ ಹೈಡ್ರೋಜನ್ ಸೋರುತ್ತೆ, ಹಗುರದ್ದು ಬೇಗ, ಡ್ಯುಟೀರಿಯಂ ನಿಧಾನ. ತಿಂಗಳಾಗುವಾಗ ಉಳಿದ ಅನಿಲದಲ್ಲಿ ಡ್ಯುಟೀರಿಯಂ ಪಾಲು ತಾನಾಗಿಯೇ ಏರಿರುತ್ತೆ.

ಅರ್ಧಾಯು:

ಎಷ್ಟು ಅಂತ ಹಾಕಿದೆ. ಸೋರೋ ವೇಗ ರಾಶಿಯ ವರ್ಗಮೂಲಕ್ಕೆ ವಿಲೋಮ ಅಂತ ತಗೊಂಡರೆ, ಅರ್ಧ ಅನಿಲ ಸೋರಿದರೂ ಏರಿಕೆ 22 ಶೇಕಡಾ. ಎರಡೂವರೆ ಪಟ್ಟು ಆಗಬೇಕಾದರೆ 95 ಶೇಕಡಾಕ್ಕಿಂತ ಹೆಚ್ಚು ಸೋರಬೇಕು, ಒತ್ತಡದ ಮಾಪಕ ನೋಡಿದರೇ ಗೊತ್ತಾಗುತ್ತೆ. ಆದರೆ ಒತ್ತಡ ಇಳಿಯಿತು ಅಂತ ಮಧ್ಯೆ ಮಧ್ಯೆ ಅನಿಲ ತುಂಬಬೇಡಿ. ತುಂಬಿದಷ್ಟೂ ಡ್ಯುಟೀರಿಯಂ ಒಳಗೆ ಶೇಖರ ಆಗ್ತಾ ಹೋಗುತ್ತೆ, ಸಂಭ್ರಮಕ್ಕೆ ಅಷ್ಟು ಸಾಕು.

ಬಿಸಿತಂತಿ:

ತುಂಬಲ್ಲ. ಎರಡು ಕೋಶ, ಒಂದೇ ಉಕ್ಕಿನ ಕೊಳವೆಯಿಂದ ಕತ್ತರಿಸಿದ್ದು. ಒಂದರಲ್ಲಿ ನಿಕ್ಕಲ್ ಪುಡಿ, ಇನ್ನೊಂದರಲ್ಲಿ ಅಷ್ಟೇ ತೂಕದ ತಾಮ್ರದ ಪುಡಿ. ಒಂದೇ ಸಿಲಿಂಡರಿನ ಅನಿಲ, ಒಂದೇ ಉಷ್ಣತೆ. ಸಿಲಿಂಡರಿನ ಅನಿಲದಲ್ಲಿ ಡ್ಯುಟೀರಿಯಂ ಸಹಜಕ್ಕಿಂತ ಕಡಿಮೆ ಇರೋದು ಮಾಮೂಲು, ಅದಕ್ಕೆ ಮೂರನೇ ಸೀಸೆ ಸಿಲಿಂಡರಿನದೇ. ಸೀಸೆಗಳ ಮೇಲೆ ಬರೀ ಅಂಕಿ ಬರೆದು ಪ್ರಯೋಗಾಲಯಕ್ಕೆ ಕೊಡೋದು. ಯಾವ ಅಂಕಿ ಯಾವ ಕೋಶ ಅನ್ನೋದು ಬೂದಿಲೆಕ್ಕ ಅವರ ಹತ್ತಿರ ಇರಲಿ, ನನಗೂ ಹೇಳಬೇಡಿ.

ಸೋಜಿಗ:

ಪುಡಿ ಮಾತ್ರ ನಾನು ಹೇಳಿದ್ದು ಹಾಕಬೇಕು. ಅಂಗಡಿಯ ನಿಕ್ಕಲ್ ಪುಡಿ ನುಣ್ಣಗಿರುತ್ತೆ, ಬಿರುಕೇ ಇರಲ್ಲ. ಆಕ್ಸೈಡ್ ಮಾಡಿ, ಮತ್ತೆ ಹೈಡ್ರೋಜನ್ನಿನಲ್ಲಿ ಇಳಿಸಿ (ಆಕ್ಸಿಜನ್ ಕಳೆದು ಲೋಹ ಮಾಡಿ), ಅದನ್ನೇ ಹತ್ತಾರು ಸಲ ಮಾಡಿದರೆ ಒಡೆದು ರಂಧ್ರರಂಧ್ರ ಆಗುತ್ತೆ.

ಬೂದಿಲೆಕ್ಕ:

ಒಪ್ಪಿದೆ, ಒಂದು ಷರತ್ತು. ಯಾವ ಪುಡಿ, ಎಷ್ಟು ಸಲ ಇಳಿಸೋದು, ಯಾವ ಉಷ್ಣತೆ, ಎಲ್ಲ ಈಗಲೇ ಇಲ್ಲಿ ಬರೆದು ಹಾಕಿ. ಡ್ಯುಟೀರಿಯಂ ಎಷ್ಟು ಏರಿದರೆ "ಇದೆ", ಎಷ್ಟಕ್ಕಿಂತ ಕಡಿಮೆಯಾದರೆ "ಇಲ್ಲ" ಅನ್ನೋದೂ ನೀವೇ ಬರೆಯಿರಿ. ಫಲಿತಾಂಶ ಬಂದ ಮೇಲೆ "ಪುಡಿ ಸರಿ ಇರಲಿಲ್ಲ" ಅನ್ನೋ ಹಾಗಿಲ್ಲ.

ಸೋಜಿಗ:

ತಾಮ್ರದ ಪುಡಿಗೂ ಅದೇ ಸಂಸ್ಕಾರ ಮಾಡಬೇಕು, ಇಲ್ಲದಿದ್ದರೆ ನೀವೇ ಆಮೇಲೆ ತಕರಾರು ತೆಗೀತೀರಿ. ಬರೆದು ಹಾಕ್ತೀನಿ, ಒಂದೆರಡು ದಿನ ಕೊಡಿ.